ಗಾಡಿ ಕುಡಿದ ಮೇಲೇ ಕಾಫಿ

ನಮ್ಮ ಮನೆಯಿಂದ ಡಿಗ್ರಿ ಅನ್ನುವುದು ಹೊರಗೆ ಬರುವುದಿಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ, ಅಮೃತೂರಿನಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದವರು. ಒಂದು ಭಾನುವಾರ ಗುಬ್ಬಿಗೆ ಬಂದು, ನಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತು, ಬಾಯಲ್ಲಿ ಅಡಿಕೆ ಆಡಿಸುತ್ತಲೇ ಹೇಳಿದರು. ಕೆಟ್ಟ ಮನುಷ್ಯರಲ್ಲ, ಕಂಡದ್ದನ್ನು ಹೇಳಿಬಿಡುವವರು ಅಷ್ಟೆ. ನನ್ನನ್ನು ಬಿಟ್ಟರೆ ನಮ್ಮ ಕಡೆ ಹತ್ತನೇ ಕ್ಲಾಸು ದಾಟಿದವರನ್ನು ಅವರೂ ಕಂಡಿರಲಿಲ್ಲ. ಈಗ ನಾನು ಕುಣಿಗಲ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಒಂದು ಹಳೇ ಕಾರು ಇದೆ. ಬೆಳಿಗ್ಗೆ ಅದರ ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿಯ ಮುಚ್ಚಳ ತಿರುಗಿಸಿದರೆ ಒಂದು ಸಿಹಿ ವಾಸನೆ ಏಳುತ್ತದೆ. ಬೆಲ್ಲದ ಸಿಹಿಯಲ್ಲ, ಔಷಧಿಯ ಸಿಹಿಯೂ ಅಲ್ಲ. ನಾಲಿಗೆಗೆ ಮುಟ್ಟಿಸಬಾರದು ಅಂತ ಮೂಗಿಗೇ ಗೊತ್ತಾಗುವಂಥ ಸಿಹಿ. ಆ ವಾಸನೆ ಬಂತೆಂದರೆ ನನ್ನ ಬೆನ್ನ ಹಿಂದೆ ಯಾರೋ ಬಂದು ನಿಲ್ಲುತ್ತಾರೆ. ನೀರು ತುಳುಕಿ ಒದ್ದೆಯಾದ ಸೀರೆ ನೆರಿಗೆ, ವಿಭೂತಿಯ ಪುಡಿ, ಮುಪ್ಪಾದ ಉಸಿರು. ನಾನು ತಿರುಗಿ ನೋಡುವುದಿಲ್ಲ. ತಿರುಗಿದರೆ ಅಜ್ಜಿ ಹೊರಟುಹೋಗುತ್ತಾಳೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಇದ್ದರೆ, ಯಾಕೆ ತಿರುಗುವುದಿಲ್ಲ ಅಂತ ನೀವು ಕೇಳುವುದಿಲ್ಲ.

ನಮ್ಮ ಮನೆ ಗುಬ್ಬಿಯ ಹೊರಗೆ, ರಸ್ತೆಗೆ ಅಂಟಿಕೊಂಡಂತೆ ಇತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಈಗ ಲಾರಿಗಳು ಓಡಾಡುತ್ತವೆ. ಮನೆ ಪಕ್ಕದಲ್ಲಿ ತಗಡು ಹೊದಿಸಿದ ಶೆಡ್ಡು, ಶೆಡ್ಡಿನಲ್ಲಿ ನಮ್ಮ ನೀಲಿ ವ್ಯಾನು. ಹಾಗಲವಾಡಿ ಕಡೆಯ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಗುಬ್ಬಿ ಸಂತೆಗೂ ತುಮಕೂರಿಗೂ ಹಾಕುವುದು ಅಪ್ಪನ ಕೆಲಸ. ಮನೆಯಲ್ಲಿದ್ದವರು ನಾವು ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿ ನಮ್ಮಜ್ಜಿ, ನಾನು. ಆದರೆ ಅಜ್ಜಿ ಐದು ಅನ್ನುತ್ತಿದ್ದಳು. ವ್ಯಾನನ್ನು ಅವಳು ಬಸವ ಅಂತಲೇ ಕರೆಯುತ್ತಿದ್ದದ್ದು. ಅವಳು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಜೋಡೆತ್ತು ಇದ್ದುವಂತೆ. ಎತ್ತಿಗೆ ನೀರು ತೋರಿಸದೆ ಮನೆಯವರು ಬಾಯಿಗೆ ನೀರು ಹಾಕಬಾರದು ಅಂತ ಅತ್ತೆ ಹೇಳಿಕೊಟ್ಟಿದ್ದಳು. ಎತ್ತು ಹೋಗಿ ವ್ಯಾನು ಬಂದರೂ ಅಜ್ಜಿ ಆ ಮಾತನ್ನು ಬಿಡಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಗಾಡಿ ಕುಡಿದ ಮೇಲೇ ಕಾಫಿ.

ಇನ್ನೂ ಮಸುಕು ಇರುವಾಗಲೇ ನಾವೆಲ್ಲ ಶೆಡ್ಡಿನಲ್ಲಿರುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಪಾಲು. ಇಂಜಿನ್ ಆಯಿಲ್ ನನ್ನದು. ಕಡ್ಡಿ ಎಳೆದು, ಅಮ್ಮನ ಹಳೇ ಲಂಗದ ಚೂರಿನಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆದು, ಎಣ್ಣೆ ಎರಡು ಗೀಟಿನ ನಡುವೆ ಇದೆಯೇ ಅಂತ ಅಪ್ಪನಿಗೆ ತೋರಿಸಬೇಕು. ಬೆರಳ ತುದಿಯಲ್ಲಿ ಉಳಿಯುತ್ತಿದ್ದ ಆ ಕಪ್ಪು, ಸ್ಕೂಲಿನಲ್ಲಿ ನನ್ನ ಕಾಪಿ ಪುಸ್ತಕದ ಅಂಚಿನಲ್ಲೆಲ್ಲ ಇರುತ್ತಿತ್ತು. ಬ್ರೇಕ್ ಆಯಿಲ್ ನೋಡುವುದು ಅಮ್ಮ. "ಬ್ರೇಕ್ ಆಯಿಲ್ ಹೆಂಡ್ತೀನೇ ನೋಡ್ಬೇಕು ಕಣಮ್ಮಿ, ಗಂಡ ವಾಪಸ್ ಬರ್ಬೇಕು ಅಂತ ಆಸೆ ಇರೋದು ಅವಳಿಗೊಬ್ಳಿಗೇ" ಅನ್ನುವುದು ಅಪ್ಪನ ತಮಾಷೆ. "ಒಂದೊಂದ್ ದಿನ ಇರಾಕಿಲ್ಲ, ಹುಷಾರು" ಅನ್ನುತ್ತಿದ್ದಳು ಅಮ್ಮ, ಡಬ್ಬಿಯಿಂದ ಕಣ್ಣು ತೆಗೆಯದೆ. ಬ್ಯಾಟರಿಯ ನೀರು, ಗೇರ್ ಆಯಿಲ್ ಅಪ್ಪನವು. ರೇಡಿಯೇಟರ್ ಮಾತ್ರ ಅಜ್ಜಿಯದು. ಅವಳು ಸೇದಿ ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಅದರ ಬಾಯಿಗೆ ಸಣ್ಣಗೆ ಸುರಿಯುತ್ತಿದ್ದಳು. ಒಳಗಿಂದ ಗುಟುಕು ಗುಟುಕಾಗಿ ಗಾಳಿ ಮೇಲೆ ಬರುತ್ತಿತ್ತು. "ಕುಡೀತೈತೆ ನೋಡು, ಪಾಪ" ಅಂತ ನನಗೆ ಹೇಳುತ್ತಿದ್ದಳು. ಆಮೇಲೆ ಬಾನೆಟ್ಟಿಗೂ ಅಪ್ಪನ ಕಡೆಯ ಬಾಗಿಲಿಗೂ ಮೂರು ಗೆರೆ ವಿಭೂತಿ. ಅಷ್ಟಾದ ಮೇಲೆ ಒಲೆಗೆ ಕಾಫಿ ನೀರು.

ನಾನು ಪಿಯುಸಿ ಓದುತ್ತಿದ್ದಾಗ ಅಪ್ಪ ರೇಡಿಯೇಟರ್‌ಗೆ ಹಾಕುವ ಕೂಲೆಂಟ್ ತಂದ. ಬರೀ ನೀರು ಹಾಕಿದರೆ ಒಳಗೆ ತುಕ್ಕು ಹಿಡಿಯುತ್ತದೆ ಅಂತ ಯಾರೋ ಹೇಳಿದ್ದರು. ಅದು ನಿಜವೂ ಹೌದು. ಕ್ಯಾನಿನಲ್ಲಿ ಎಲೆ ಹಸಿರು ನೀರು. ಅಪ್ಪ ಅದನ್ನು ನೀರಿಗೆ ಬೆರೆಸಿ ಇಟ್ಟು, "ಅವ್ವ, ಇನ್ಮ್ಯಾಕೆ ಕಮ್ಮಿ ಆದ್ರೆ ಇದ್ನೇ ಹಾಕು" ಅಂದ. ಅಜ್ಜಿ ಮೂಸಿ ನೋಡಿದಳು. ಅವಳ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. "ಏನ್ಲಾ ಇದು, ಹೊಲಕ್ಕೆ ಹೊಡೆಯೋ ಔಸ್ದಿ ಇದ್ದಂಗೈತೆ. ಮೂಕ ಪ್ರಾಣಿ, ಬ್ಯಾಡ ಅನ್ನಾಕೆ ಬಾಯಿಲ್ಲ ಅಂತ ಇಷ ಕುಡುಸ್ತೀಯಾ?" ಅಪ್ಪ ನಕ್ಕ. ನಾನೂ ನಕ್ಕೆ. ಅಮ್ಮ ಮಾತ್ರ, "ಹೇಳ್ದಂಗೆ ಮಾಡಿ ಅತ್ತೆಮ್ಮ" ಅಂತ ಮೆಲ್ಲಗೆ ಅಂದಳು. ಅಜ್ಜಿ ಕ್ಯಾನನ್ನು ಮೂಲೆಗೆ ಇಟ್ಟಳು.

ಆ ಬೇಸಿಗೆ ವಿಪರೀತ ಬಿಸಿಲು. ಮಧ್ಯಾಹ್ನ ವ್ಯಾನು ವಾಪಸ್ ಬಂದು ನಿಂತರೆ ಬಾನೆಟ್ಟಿನ ಮೇಲೆ ಗಾಳಿ ಕುಣಿಯುತ್ತಿತ್ತು. ಇಂಜಿನ್ ಆರಿಸಿದ ಮೇಲೂ ಕಬ್ಬಿಣ ತಣಿಯುವ ಟಿಕ್ ಟಿಕ್ ಸದ್ದು ಸಂಜೆಯವರೆಗೂ ಶೆಡ್ಡಿನಲ್ಲಿ ಇರುತ್ತಿತ್ತು. ಅದರ ಹೊಟ್ಟೆ ಉರಿಯುತ್ತಿದೆ ಅಂತ ಅಜ್ಜಿ ಸಂಕಟಪಡುತ್ತಿದ್ದಳು. ನಮ್ಮ ಸೀಮೆಯಲ್ಲಿ ಮೈ ಬಿಸಿಯಾದ ಮಗುವಿಗೆ ಎಳನೀರು, ಉಚ್ಚೆ ಉರಿದರೆ ಎಳನೀರು, ಲಿಂಗದ ತಲೆಯ ಮೇಲೂ ಎಳನೀರು. ತಂಪು ಅಂದರೆ ನಮಗೆ ಗೊತ್ತಿರುವುದೇ ಅದೊಂದು. ಅಜ್ಜಿ ಯಾರಿಗೂ ಹೇಳದೆ, ನಾವು ಶೆಡ್ಡಿಗೆ ಬರುವ ಮೊದಲೇ, ತೋಟದವರು ಕೊಟ್ಟ ಎಳನೀರು ಕೊಚ್ಚಿ, ಸೋಸಿ, ರೇಡಿಯೇಟರ್‌ಗೆ ಸುರಿಯತೊಡಗಿದಳು. ನಾವು ಬಂದಾಗ ಅದರ ಬಾಯಿ ತುಂಬಿರುತ್ತಿತ್ತು. ಒಳ್ಳೆಯದನ್ನು ಮಾಡುವಾಗ ಹೇಳಿಕೊಂಡು ಮಾಡಬಾರದು ಅನ್ನುವುದು ಅವಳ ಪದ್ಧತಿ. ಬಿಸಿ ತೋರಿಸುವ ಮುಳ್ಳು ನಾವು ಆ ಗಾಡಿ ಕೊಂಡಾಗಿನಿಂದಲೇ ಅಲ್ಲಾಡುತ್ತಿರಲಿಲ್ಲ. ಬೇಸಿಗೆಯೆಲ್ಲ ಆ ಸಕ್ಕರೆ ನೀರು ಇಂಜಿನ್ನಿನ ಒಳಗೆ ಕುದಿದು, ಹುಳಿತು, ಅಂಟಾಗಿ, ಕೊಳವೆ ಕೊಳವೆಗೂ ಕಟ್ಟಿಕೊಳ್ಳುತ್ತಿದ್ದದ್ದು ನಮಗೆ ಯಾರಿಗೂ ತಿಳಿಯಲಿಲ್ಲ.

ನಾನು ಬಿ.ಎಸ್ಸಿ.ಗೆ ಸೇರಬೇಕಾದ ದಿನ ಅಪ್ಪ ವ್ಯಾನಿನಲ್ಲೇ ತುಮಕೂರಿಗೆ ಕರೆದುಕೊಂಡು ಹೊರಟ. ಹಿಂದೆ ಕಾಯಿ ಲೋಡು, ಮುಂದೆ ನನ್ನ ತೊಡೆಯ ಮೇಲೆ ಮಾರ್ಕ್ಸ್ ಕಾರ್ಡು. ಅರ್ಧ ದಾರಿಯಲ್ಲಿ ಬಿಳಿ ಹೊಗೆ ಎದ್ದಿತು. ಒಂದು ಸದ್ದಾಯಿತು, ಮನುಷ್ಯರು ನರಳಿದ ಹಾಗೆ ಇತ್ತು. ಗಾಡಿ ತಾನಾಗಿ ರಸ್ತೆಯ ಪಕ್ಕಕ್ಕೆ ಹೋಗಿ ನಿಂತಿತು. ಅಪ್ಪ ಕೆಳಗಿಳಿದು ಹೊಗೆಯೊಳಗೆ ಸ್ವಲ್ಪ ಹೊತ್ತು ಕಾಣಿಸಲೇ ಇಲ್ಲ. ಆಮೇಲೆ ಬಂದು, ಕೈ ಅಡ್ಡ ಹಾಕಿ ಪ್ರೈವೇಟ್ ಬಸ್ಸು ನಿಲ್ಲಿಸಿ, ನನ್ನನ್ನು ಹತ್ತಿಸಿದ. "ನಾನೊಬ್ಳೇ ಹೆಂಗಪ್ಪಾ?" ಅಂದೆ. "ಗಾಡಿ ನಿಂತದೆ, ನೀನ್ಯಾಕೆ ನಿಂತ್ಕೊತೀಯ? ಹೋಗು. ಸೇರ್ಕೊಂಡೇ ಬಾ" ಅಂದ. ಸೇರಿಕೊಂಡೇ ಬಂದೆ. ನಮ್ಮ ಮನೆಯಲ್ಲಿ ಯಾರೂ ತುಳಿಯದ ಮೆಟ್ಟಿಲನ್ನು ನಾನೊಬ್ಬಳೇ ಹತ್ತಿ, ಕೇಳಿದ ಕಡೆಯೆಲ್ಲ ಸಹಿ ಹಾಕಿ ಬಂದೆ. ಹೆಮ್ಮೆ ಅಂತ ಬೇಕಾದರೆ ಅನ್ನಿ, ಹೆಮ್ಮೆಯೇ.

ಸಂಜೆ ಮನೆಗೆ ಬಂದರೆ ವ್ಯಾನನ್ನು ಎಳೆಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಪಕ್ಕದ ಬೀದಿಯ ಮೆಕ್ಯಾನಿಕ್ಕು ರೇಡಿಯೇಟರ್ ಬಿಚ್ಚಿ ಬಗ್ಗಿಸಿದ. ಕಂದು ಬಣ್ಣದ ಲೋಳೆ ಇಳಿಯಿತು. ಶೆಡ್ಡಿನ ತುಂಬ ಹುಳಿ ವಾಸನೆ. "ಏನ್ ಶಂಕ್ರಣ್ಣ, ಗಾಡಿಗೆ ಹೆಂಡ ಕುಡಿಸಿದ್ದೀಯಲ್ಲಪ್ಪ!" ಅಂತ ಅವನು ಅಪ್ಪನ ಕಡೆ ತಿರುಗಿ ನಕ್ಕ. ಇಂಜಿನ್ ಹೆಡ್ಡು ಬಿರುಕು ಬಿಟ್ಟಿದೆ, ಕೈ ಬಿಡಿ ಅಂದ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಹೇಳಿದಳು, "ನಾನೇ ಕಣಪ್ಪ. ಎಳ್ನೀರು ಹಾಕ್ತಿದ್ದೆ. ತಂಪಾಗ್ಲಿ ಅಂತ." ಅಪ್ಪ ಬಗ್ಗಿದ್ದವನು ಎದ್ದ. ಕೈ ತೊಳೆದುಕೊಂಡ. "ಊಟ ಹಾಕು" ಅಂತ ಅಮ್ಮನಿಗೆ ಹೇಳಿ ಒಳಗೆ ಹೋದ. ಒಂದು ಮಾತು ಬೈದಿದ್ದರೆ ಆಗುತ್ತಿತ್ತೇನೋ. ಬೈಯಲಿಲ್ಲ.

ಅದರ ಮುಂದಿನ ಭಾನುವಾರವೇ ದೊಡ್ಡಪ್ಪ ಬಂದು ಕಂಬಕ್ಕೆ ಒರಗಿದ್ದು. "ಗಾಡಿ ಮಲಗ್ತು, ಇವಳ ಕಾಲೇಜೂ ಮಲಗ್ತು ಅಂತ ತಿಳ್ಕೊಳಿ. ಈ ಮನೆಯಿಂದ ಡಿಗ್ರಿ ಅನ್ನೋದು ಈಚೆಗೆ ಬರಾಕಿಲ್ಲ." ಅವರು ಅಪ್ಪನಿಗೆ ಹೇಳಿದ್ದು. ನೆಟ್ಟಿದ್ದು ಅಜ್ಜಿಗೆ. ಅವತ್ತು ಅವಳು ನನ್ನ ತಲೆ ಬಾಚುತ್ತಾ ಹೇಳಿದಳು: "ನನ್ ಕೈಯಾರೆ ನಿನ್ ಓದು ಹಾಳು ಮಾಡ್ಬುಟ್ನಲ್ಲ ಮಗಾ. ನೀನು ಓದಿ ಮುಗ್ಸೋ ಗಂಟ ನಿಮ್ಮಪ್ಪುನ್ ಮೊಕ ನೋಡಿ ಹೆಂಗ್ ಮಾತಾಡ್ಲಿ?" ಸಂಕಟಕ್ಕೆ ಆಡಿದ ಮಾತು ಅಂದುಕೊಂಡೆ. ಆದರೆ ಅಜ್ಜಿ ಹಾಗೇ ಮಾಡಿದಳು. ಅಪ್ಪನ ಜೊತೆ ಮಾತು ನಿಂತಿತು. ಕೋಪವಲ್ಲ, ನಾಚಿಕೆ. ಅವನು ಎದುರಿಗೇ ಉಣ್ಣಲು ಕೂತಿದ್ದರೂ, "ಇನ್ನೊಂದ್ ಮುದ್ದೆ ಬೇಕೇನೋ ಕೇಳು ನಿಮ್ಮಪ್ಪುನ್ನ" ಅಂತ ನನ್ನ ಮುಖ ನೋಡಿ ಹೇಳುವಳು. ಅಪ್ಪ ಒಮ್ಮೆ, "ಅವ್ವ, ಬುಡು ಅತ್ಲಾಗೆ. ಕಬ್ಬಿಣ ಅದು" ಅಂದ. ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಅವಳಿಗೆ ಅದು ಕಬ್ಬಿಣವಾಗಿರಲಿಲ್ಲ.

ವ್ಯಾನು ತುಮಕೂರಿನ ಗುಜರಿಗೆ ಹೋಯಿತು. ಅಪ್ಪ ಬೇರೆಯವರ ಸ್ಕೂಲ್ ವ್ಯಾನಿಗೆ ಡ್ರೈವರ್ ಆದ, ಅಮ್ಮ ಕಾಯಿ ಸುಲಿಯುವ ಕಡೆ ಕೆಲಸಕ್ಕೆ ಸೇರಿದಳು, ನಾನು ಬೆಳಗಿನ ಟ್ರೇನಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಅಜ್ಜಿ ಮಾತ್ರ ನಸುಕಿನಲ್ಲಿ ಎದ್ದು ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಖಾಲಿ ಶೆಡ್ಡಿನ ಎಣ್ಣೆ ಕಲೆಯ ಪಕ್ಕ ಬಿಂದಿಗೆ ಇಟ್ಟು ಬರುತ್ತಿದ್ದಳು. ಸಂಜೆ ಆ ನೀರನ್ನು ಗಿಡಕ್ಕೆ ಚೆಲ್ಲುವಳು. ಯಾರೂ ಯಾಕೆ ಅಂತ ಕೇಳಲಿಲ್ಲ. ಕೇಳಲು ನನಗೆ ಭಯವಿತ್ತು. ಯಾಕೆಂದರೆ ಓದುತ್ತ ಕೂತ ಸಂಜೆಗಳಲ್ಲಿ ಆ ಶೆಡ್ಡಿನೊಳಗಿಂದ ಕಬ್ಬಿಣ ತಣಿಯುವ ಟಿಕ್ ಟಿಕ್ ನನಗೂ ಕೇಳಿಸುತ್ತಿತ್ತು. ತಗಡು ಬಿಸಿಲಿಗೆ ಹಿಗ್ಗಿ ಸಂಜೆಗೆ ಕುಗ್ಗುವ ಸದ್ದು ಅಂತ ಈಗ ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವತ್ತು ಅಮ್ಮನೂ ಆ ಸದ್ದಿಗೆ ಮೊರ ಕೆಳಗಿಟ್ಟು ಕಿವಿಗೊಟ್ಟದ್ದನ್ನು ನಾನು ನೋಡಿದ್ದೇನೆ. ಒಂದು ದಿನ ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ ಯಾರದೋ ಬಿಳೀ ವ್ಯಾನು ನಿಂತಿತ್ತು. ಅದಕ್ಕೆ ಗುಜರಿಯಿಂದ ತಂದು ಹಾಕಿದ ಒಂದು ನೀಲಿ ಬಾಗಿಲು. ವಿಭೂತಿ ಬಳಿದೂ ಬಳಿದೂ ಬಣ್ಣ ಮಾಸಿದ ಮೂರು ಬೆರಳ ಗುರುತು. ನಮ್ಮದೇ. ಮುಟ್ಟಿದೆ, ಬಿಸಿಯಾಗಿತ್ತು. ಡ್ರೈವರು, "ಏನಮ್ಮ, ಯಾರ್ ಬೇಕಿತ್ತು?" ಅಂತ ಕೇಳಿದ. ಯಾರೂ ಇಲ್ಲ ಅಂತ ಬಂದುಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ.

ರಿಸಲ್ಟ್ ಬಂದಾಗ ಅಮೃತೂರಿನ ಅಂಗಡಿಗೆ ಬಂದವರಿಗೆಲ್ಲ ದೊಡ್ಡಪ್ಪ ಸಕ್ಕರೆ ಹಂಚಿ, "ನಮ್ ಹುಡುಗಿ ಮಾಡೇ ಮಾಡ್ತಾಳೆ ಅಂತ ನಾನ್ ಆವತ್ತೇ ಹೇಳಿದ್ದೆ" ಅಂದರಂತೆ. ಅಪ್ಪ ಸುದ್ದಿ ಕೇಳಿ ನಕ್ಕ, ಅಷ್ಟೆ. ಅಜ್ಜಿ ನಗಲಿಲ್ಲ. "ಪೇಪರ್ ಕೊಡ್ತಾರಂತಲ್ಲ, ಅದು ಬರ್ಲಿ" ಅಂದಳು. ಅಷ್ಟರಲ್ಲಿ ಅವಳ ಕಣ್ಣು ಮಂಜಾಗಿತ್ತು, ಬಿಂದಿಗೆ ಎತ್ತುವ ಶಕ್ತಿ ಹೋಗಿತ್ತು. ಆ ವರ್ಷ ದಾಟಲಿಲ್ಲ ಅವಳು. ಅವಳ ಹಿಂದೆಯೇ ಮನೆ ಹೋಯಿತು, ಶೆಡ್ಡು ಹೋಯಿತು. ಈಗ ಅಪ್ಪ ಅಮ್ಮ ನನ್ನ ಜೊತೆ ಕುಣಿಗಲ್‌ನಲ್ಲಿದ್ದಾರೆ. ಅಪ್ಪ ನನ್ನ ಕಾರಿನ ಕಡೆ ನೋಡುವುದೂ ಇಲ್ಲ. ಆದರೂ ಸರ್ಟಿಫಿಕೇಟು ಬರುವ ತನಕ ಅಜ್ಜಿ ಇದ್ದಳು.

ಕಾಲೇಜಿನಲ್ಲಿ ಅದನ್ನು ಇಸಿದುಕೊಂಡು ನೇರ ಮನೆಗೆ ಬಂದೆ. ಅಪ್ಪ ಆಗತಾನೇ ಸ್ಕೂಲ್ ಮಕ್ಕಳನ್ನು ಬಿಟ್ಟು ಬಂದು ಜಗುಲಿಯ ಮೇಲೆ ಕೂತಿದ್ದ. ನಾನು ಕವರು ಚಾಚಿದೆ. ಅವನು ಮುಟ್ಟಲಿಲ್ಲ. "ನಂಗಲ್ಲ, ಒಳಕ್ಕೆ ಕೊಡು" ಅಂದ. ಒಳಗೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಸೆರಗಿಗೆ ಎರಡೂ ಕೈ ಒರೆಸಿಕೊಂಡು ಇಸಿದುಕೊಂಡಳು. ಮೂಸಿ ನೋಡಿದಳು, ಬೆಳಕಿಗೆ ಹಿಡಿದಳು. "ನಿನ್ನೆಸ್ರು ಎಲ್ಲೈತೆ?" ಅಂದಳು. ಅವಳ ಬೆರಳು ಹಿಡಿದು ಅಕ್ಷರದ ಮೇಲೆ ಇಟ್ಟೆ. "ಆಮ್ಯಾಕೆ ಇದು?" "ಅಪ್ಪನ ಹೆಸರು ಅಜ್ಜಿ. ನನ್ನ ಹೆಸರಿನ ಜೊತೆಗೇ ಬರೀತಾರೆ." ಅವಳ ಬೆರಳು ಅಲ್ಲಿಂದ ಏಳಲಿಲ್ಲ. ಏನಾದರೂ ಹೇಳಬೇಕಾ ಅಪ್ಪನಿಗೆ, ಅಂತ ರೂಢಿಯಂತೆ ಕೇಳಿದೆ. ಅಜ್ಜಿ ಬೇಡವೆಂದು ತಲೆಯಾಡಿಸಿದಳು. ಹೊಸ್ತಿಲ ಕಡೆಗೆ ಮುಖ ತಿರುಗಿಸಿ, ಮಗನನ್ನು ಕರೆಯದೆ ಕರೆಯದೆ ಬಿರುಸಾಗಿದ್ದ ದನಿಯಲ್ಲಿ ತಾನೇ ಕೂಗಿದಳು:

"ಲೇ ಶಂಕ್ರಾ... ಉಂಡ್ಯೇನ್ಲಾ?"