ನಮ್ಮ ದೋಣಿಯ ಬಣ್ಣದ ದೀಪ

ಕತ್ತಲಲ್ಲಿ ಮೋಟಾರು ದೋಣಿಯೊಂದು ನೇರ ನಮ್ಮ ಮೇಲೇ ಬರುತ್ತಿತ್ತು. ಹಡಗಲಿ ಹತ್ತಿರದ ಹಿನ್ನೀರಿನಲ್ಲಿ ಲಂಗರು ಹಾಕಿ ಮೀನಿಗೆ ಕಾದಿದ್ದ ಮಾವ ಮತ್ತು ನಾನು ಗಂಟಲು ಹರಿಯುವಂತೆ ಕೂಗಿದೆವು. ಮಾರು ದೂರದಲ್ಲಿ ಅದು ನಿಂತಿತು.

"ಒಂದು ಎಗ್ ರೈಸ್ ಕೊಡ್ರಿ, ಖಾರ ಜಾಸ್ತಿ ಇರ್ಲಿ," ಎಂದ ಅದರಲ್ಲಿದ್ದ ಮೀನುಗಾರ.

ಮಾವ ಟ್ರ್ಯಾಕ್ಟರಿಗೆ ಕಟ್ಟಿದ್ದ ಬಣ್ಣದ ಮಿಣುಕು ದೀಪದ ಸರವನ್ನೇ ಬಿಚ್ಚಿ ತಂದು ದೋಣಿಗೆ ಸುತ್ತಿದ್ದರು. ಅವನಿಗೆ ಅದು ದಡದ ಮೇಲಿನ ಎಗ್ ರೈಸ್ ತಳ್ಳುಗಾಡಿಯಂತೆ ಕಂಡಿತ್ತು. ಮೂವರೂ ದೋಣಿ ಓಲಾಡುವಷ್ಟು ನಕ್ಕೆವು.

"ನಿಂತ ದೋಣಿಗೆ ಎಲ್ಲಾ ಕಡಿಗೂ ಕಾಣೋ ಬಿಳಿ ದೀಪ ಒಂದ ಕಟ್ಟಬೇಕ್ರಿ ಯಜಮಾನ್ರ, ಕಾನೂನೂ ಹಂಗ ಐತಿ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.

ಈಗ ದೋಣಿಯಲ್ಲಿ ನಿಲ್ಲಿಸಿದ ಗಳದ ತುದಿಯಲ್ಲಿ ಒಂದೇ ಬಿಳಿ ದೀಪವಿದೆ. ನಮ್ಮ ಬುತ್ತಿಯಲ್ಲಿ ಮಾತ್ರ ಆ ಮೀನುಗಾರನ ಪಾಲಿನ ಎಗ್ ರೈಸ್ ಇರುತ್ತದೆ, ಖಾರ ಜಾಸ್ತಿ ಹಾಕಿ.