ಮಾಲತೇಶನ ಮಾತ್ರೆಗೆ ವರದಮ್ಮನ ಪಥ್ಯ

ಶಿಕಾರಿಪುರದ ಖಾಸಗಿ ಬಸ್ ನಿಲ್ದಾಣದಲ್ಲಿ ಮಾಲತೇಶ ಏಜೆಂಟ್ ಆಗಿದ್ದ. ಏಜೆಂಟ್ ಎಂದರೆ ಸೂಟುಬೂಟಿನವನಲ್ಲ. ವೀರಬಸಪ್ಪನವರ ಬಸ್ಸಿನ ಬಾಗಿಲಲ್ಲಿ ನಿಂತು, ಕೂಗಿ ಕೂಗಿ ಜನ ಹತ್ತಿಸುವವನು. ಅವನು "ಸೊರಬ, ಸೊರಬ, ಸೊರಬಾ!" ಎಂದು ಬಾಯಿ ತೆಗೆದರೆ ಹತ್ತು ಮೈಲಿಯಾಚೆಯ ಶಿರಾಳಕೊಪ್ಪದವರು ಎಮ್ಮೆಯ ಹಗ್ಗ ಬಿಗಿ ಮಾಡುತ್ತಿದ್ದರು. ಹಾವೇರಿಗೆಂದು ಮನೆ ಬಿಟ್ಟವರೂ ಆ ಕೂಗಿಗೆ ಸೊರಬದ ಬಸ್ಸು ಹತ್ತಿ, ಟಿಕೆಟ್ ತೆಗೆದ ಮೇಲೆ ಅಲ್ಲಿ ತಮಗೆ ನೆಂಟರು ಯಾರಿದ್ದಾರೆ ಎಂದು ಯೋಚಿಸುತ್ತಿದ್ದರು. ಹೊಲವಿಲ್ಲ, ಗದ್ದೆಯಿಲ್ಲ. ಮಾಲತೇಶನ ಪಹಣಿಯಲ್ಲಿ ಬರೆಯಬಹುದಾಗಿದ್ದ ಆಸ್ತಿ ಎಂದರೆ ಆ ಗಂಟಲೊಂದೇ.

1993ರ ಬೇಸಿಗೆಯಲ್ಲಿ ಆ ಗಂಟಲು ನಿಲ್ಲಲೇ ಇಲ್ಲ. ಹದಿನೆಂಟು ದಿನ ಅವನು ಕಣ್ಣು ಮುಚ್ಚಲಿಲ್ಲ. ಬಸ್ಸಿನ ನೆತ್ತಿ ಹತ್ತಿ ನಿಂತು ಸೊರಬ, ಚಂದ್ರಗುತ್ತಿ, ಕಾಶಿ, ಸಿಂಗಾಪುರ ಎಂದು ಕೂಗಿದ. ಐವತ್ತು ಸೀಟಿಗೆ ನೂರಾ ಎಪ್ಪತ್ತು ಜನ ಹತ್ತಿದರು. ಲೆಕ್ಕ ಹೆಚ್ಚಾಯಿತು ಎನ್ನುವವರು ಅವತ್ತು ಕಿಟಕಿಯಿಂದ ಹೊರಗೆ ಚಾಚಿದ್ದ ಕಾಲುಗಳನ್ನು ಎಣಿಸಬೇಕಿತ್ತು. ವೀರಬಸಪ್ಪನವರಿಗೆ ಖುಷಿಯೋ ಖುಷಿ. ಭಯ ಬಿದ್ದವಳು ಹೆಂಡತಿ ನಯನ. ತಾನೇ ಒಂದು ಬಸ್ಸು ಕೊಳ್ಳುತ್ತೇನೆಂದು ಅವನು ಮನೆಯ ಮುಂಬಾಗಿಲನ್ನೇ ಕಿತ್ತು ಮಾರಿಬಂದಿದ್ದ. ಮಳೆ ಹಿಡಿಯುವ ಹೊತ್ತಿಗೆ ಅದೇ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ. ಎರಡು ತಿಂಗಳು ಏಳಲಿಲ್ಲ.

ನಯನ ಅವನನ್ನು ಶಿವಮೊಗ್ಗಕ್ಕೆ ಕರೆದೊಯ್ದಳು. ಮನೋರೋಗದ ಡಾಕ್ಟರು ಎಲ್ಲ ಕೇಳಿ, "ಇದಕ್ಕೆ ಬೈಪೋಲಾರ್ ಅಂತೀವಿ. ಮನಸ್ಸು ಒಮ್ಮೆ ವಿಪರೀತ ಏರುತ್ತೆ, ಒಮ್ಮೆ ವಿಪರೀತ ಇಳಿಯುತ್ತೆ. ಮಾತ್ರೆ ತಗೊಂಡ್ರೆ ಹತೋಟಿಗೆ ಬರುತ್ತೆ" ಎಂದರು.

"ಎಷ್ಟ್ ದಿನ ಸಾರ್?" ಎಂದ ಮಾಲತೇಶ.

"ದಿನ ಅಲ್ಲಪ್ಪ, ವರ್ಷಗಟ್ಟಲೆ."

ಅವನು ಕುರ್ಚಿಯ ತುದಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದ. "ಮಾತ್ರೆ ತಗಂಡು ಬಸ್ ಕೂಗ್ಬೋದಾ ಸಾರ್?"

"ನೋಡೋಣ" ಎಂದರು ಡಾಕ್ಟರು. ಆ "ನೋಡೋಣ" ಅವನ ತಲೆಯೊಳಗೆ ಆರು ತಿಂಗಳು ಇಲಿಯಂತೆ ಓಡಾಡಿತು.

ಮೊದಲ ಮಾತ್ರೆಗೆ ಅವನ ಕತ್ತು ಕಂಬವಾಯಿತು, ಬಾಯಲ್ಲಿ ಜೊಲ್ಲು ಇಳಿಯಿತು. "ಸೊ..." ಎಂದು ಅವನು ಶುರು ಮಾಡಿ "...ಬ" ಎನ್ನುವಷ್ಟರಲ್ಲಿ ಬಸ್ಸು ಸೊರಬ ತಲುಪಿ ತಿರುಗಿ ಹೊರಟಿರುತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿ ಲಿಥಿಯಂ ಬರೆದರು. ಅದಕ್ಕೆ ಬಾಯಾರಿಕೆ ಬಹಳ. ಅವನು ಕುಡಿದ ನೀರಿಗೆ ನಿಲ್ದಾಣದ ನಲ್ಲಿಯೇ ಎರಡು ಸಲ ಕೈಮುಗಿಯಿತು. ಆದರೆ ನಿದ್ದೆ ಬಂತು, ಗೋಡೆಯಿಂದ ಮುಖ ತಿರುಗಿತು. ಅವನು ಕೆಲಸಕ್ಕೆ ಮರಳಿದ. ಕೂಗಿನಲ್ಲಿ ಮುಕ್ಕಾಲು ಪಾಲು ವಾಪಸಾಗಿತ್ತು.

ಆಗ ಕುಪ್ಪಗಡ್ಡೆಯಿಂದ ಅವನ ತಾಯಿ ವರದಮ್ಮ ಬಂದಿಳಿದರು.

"ಔಷ್ದಕ್ಕೆ ಪಥ್ಯ ಏನು ಹೇಳಿದಾರೆ?"

"ಪಥ್ಯ ಇಲ್ಲ ಅತ್ತೆ. ದಿನಾ ಉಣ್ಣಂಗೆ ಉಣ್ಣಿ ಅಂದ್ರು" ಎಂದಳು ನಯನ.

"ಪಥ್ಯ ಇಲ್ದಿದ್ದು ಎಂಥ ಔಷ್ದನೇ? ನೆಗಡಿ ಕಷಾಯಕ್ಕೂ ಒಂದು ಪಥ್ಯ ಇರ್ತದೆ. ಪಾಪ, ದೊಡ್ಡ ಡಾಕ್ಟ್ರು, ಮರ್ತಿರ್ಬೇಕು."

ಡಾಕ್ಟರು ಮರೆತದ್ದನ್ನು ವರದಮ್ಮ ತುಂಬಿಕೊಟ್ಟರು. ನಾಟಿ ಔಷಧಿಗೆ ನಡೆಸುವಂತೆ ಉಪ್ಪು, ಹುಳಿ ಎರಡೂ ಬಂದ್. ಎರಡು ಹೊತ್ತೂ ಸಪ್ಪೆ ಗಂಜಿ, ಸಪ್ಪೆ ಬೇಳೆ. ಆ ಊಟದ ವಾಸನೆಗೆ ಬೀದಿಯ ನಾಯಿಗಳು ಕೂಡ ಪಕ್ಕದ ಬೀದಿಗೆ ವರ್ಗ ಮಾಡಿಸಿಕೊಂಡವು. ಮಾಲತೇಶ ಮುಖ ಹಿಂಡಿ ಉಂಡ. ಬೇಗ ಗುಣವಾದರೆ ಪೂರ್ತಿ ಕೂಗಬಹುದಲ್ಲ ಎಂಬ ಆತುರ ಅವನದು.

ಹತ್ತನೆಯ ದಿನ ಅವನ ಕೈ ಎಷ್ಟು ನಡುಗಿತೆಂದರೆ ಟೀ ಎಲ್ಲ ಅಂಗಿಗೆ ಹೋಯಿತು. ವಾಂತಿ, ಭೇದಿ. ನಡೆದರೆ ಕಾಲು ತೊಡರುತ್ತಿತ್ತು, "ಸೊರಬ" ಎಂದರೆ ನಾಲಿಗೆ ಹೊರಳುತ್ತಿರಲಿಲ್ಲ. ಬೆಳಿಗ್ಗೆಯೇ ಕುಡಿದಿದ್ದಾನೆಂದು ಜನ ಪಕ್ಕದ ಬಸ್ಸು ಹತ್ತಿದರು.

"ಬಿಟ್ಟು ಬಿಸಾಕೋ ಆ ಮಾತ್ರೆ" ಎಂದರು ವೀರಬಸಪ್ಪ. "ನೀನು ಮುಂಚೆ ಬಸ್ಸಿನ ನೆತ್ತಿ ಮೇಲೆ ಬಿಸಿ ಇದ್ದಾಗ್ಲೇ ಚಲೋ ಇದ್ದೆ."

ಮಾಲತೇಶನಿಗೂ ಅದೇ ಸರಿ ಅನ್ನಿಸಿತು. ಮಾತ್ರೆಯ ಡಬ್ಬಿ ಹಿಡಿದು ಚರಂಡಿಯ ಹತ್ತಿರ ಹೋದವನ ಕೈಯಿಂದ ನಯನ ಅದನ್ನು ಕಿತ್ತುಕೊಂಡಳು. "ಇವತ್ತಿನದು ತಗೋಬೇಡ್ರೀ. ಆದ್ರೆ ಬಿಸಾಕೋದು ಡಾಕ್ಟ್ರು ಹೇಳಿದ್ಮೇಲೆ" ಎಂದು ಅವನನ್ನೂ ಅತ್ತೆಯನ್ನೂ ಶಿವಮೊಗ್ಗದ ಬಸ್ಸಿಗೆ ಹತ್ತಿಸಿದಳು.

ಡಾಕ್ಟರು ಅವನ ನಡುಗುವ ಕೈ ನೋಡಿ, "ಊಟ ಏನು ಮಾಡ್ತಿದ್ದೆ?" ಎಂದರು.

ವರದಮ್ಮ ಹೆಮ್ಮೆಯಿಂದ ಮುಂದೆ ಬಂದರು. "ಹತ್ತು ದಿನದಿಂದ ಒಂದು ಹರಳು ಉಪ್ಪು ಮುಟ್ಸಿಲ್ಲ ಸ್ವಾಮಿ."

ಡಾಕ್ಟರು ಹಣೆ ಹಿಡಿದುಕೊಂಡರು. ಉಪ್ಪು ಕಡಿಮೆಯಾದರೆ ದೇಹ ಈ ಔಷಧವನ್ನು ಹೊರಗೆ ಬಿಡುವುದಿಲ್ಲ, ಒಳಗೇ ಕೂಡಿಟ್ಟುಕೊಳ್ಳುತ್ತದೆ, ಕೂಡಿದ್ದು ವಿಷವಾಗುತ್ತದೆ ಎಂದು ಬಿಡಿಸಿ ಹೇಳಿದರು. ಅದನ್ನು ಮೊದಲೇ ತಾವು ಹೇಳಬೇಕಿತ್ತು ಎಂದೂ ಸೇರಿಸಿದರು. ವರದಮ್ಮ ಮಗನ ಪಕ್ಕ ಕೂತರು. "ನನ್ ಕೈಯಾರೆ..." ಎಂದು ಸೆರಗಿನಿಂದ ಅವನ ಅಂಗಿಯ ಟೀ ಕಲೆ ಒರೆಸತೊಡಗಿದರು.

ಐದು ದಿನ ಆಸ್ಪತ್ರೆ, ಡ್ರಿಪ್, ರಕ್ತ ಪರೀಕ್ಷೆ. ಆಮೇಲೆ ಕಡಿಮೆ ಪ್ರಮಾಣದಲ್ಲಿ ಅದೇ ಮಾತ್ರೆ, ಆಗಾಗ ರಕ್ತ ತೋರಿಸಬೇಕೆಂಬ ಕರಾರಿನ ಮೇಲೆ. ವರದಮ್ಮ ಪಶ್ಚಾತ್ತಾಪದಲ್ಲಿ ಅರಬ್ಬೀ ಸಮುದ್ರವನ್ನೇ ಸಾರಿಗೆ ಸುರಿದರು. "ಹೆಚ್ಚೂ ಬೇಡಮ್ಮ, ಮೊದಲಿನಷ್ಟೇ" ಎಂದು ಮುಂದಿನ ಭೇಟಿಯಲ್ಲಿ ಡಾಕ್ಟರು ಕೈಮುಗಿದರು.

1994ರ ದೀಪಾವಳಿ ಕಳೆದು ಮಾಲತೇಶ ಮತ್ತೆ ಬಸ್ಸಿನ ಬಾಗಿಲಿಗೆ ಬಂದ. ಬೆರಳಲ್ಲಿ ಸಣ್ಣ ನಡುಕ ಉಳಿದಿತ್ತು. ಕೂಗು ನಿಲ್ದಾಣದ ಗೇಟಿನವರೆಗೆ ಕೇಳುತ್ತಿತ್ತು. ಬಸ್ಸಿಗೆ ಅಷ್ಟು ಸಾಕು. ವೀರಬಸಪ್ಪನವರಿಗೆ ಸಾಲದು.

"ಮಂಗಳವಾರ, ಶುಕ್ರವಾರ ಚಂದ್ರಗುತ್ತಿ ದೇವಿ ಗುಡಿ ಕಡೆ ರಶ್ ಐತಿ. ಆ ಎರಡು ದಿನ ಮಾತ್ರೆ ಬಿಡೋ."

"ಏರಿಸೋದು ಏರಿಸ್ತೀರಿ ಸಾವ್ಕಾರ್ರೇ. ಆಮೇಲೆ ಗೋಡೆ ನೋಡ್ಕಂಡು ಮಲಗೋಕೆ ನೀವು ಬರ್ತೀರೇನು? ಬೇಕಾದ್ರೆ ಮೈಕ್ ತರ್ಸ್ರಿ" ಎಂದ ಮಾಲತೇಶ. ಅವರು ಗೊಣಗಿದರು, ಆದರೆ ಅವನನ್ನು ಕೆಲಸದಿಂದ ತೆಗೆಯಲಿಲ್ಲ.

ಅವನಿಗೆ ನೆಮ್ಮದಿ ಮಾತ್ರ ಬರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಕೂರದೆ ಅಡಿಗೆ ಮನೆಯಲ್ಲಿ ಅತ್ತಿಂದಿತ್ತ ಸುತ್ತಿದ. "ನಯನಾ, ಇವತ್ತು ಜೋರು ನಗು ಬಂತು ಕಣೆ. ಅದು ನಂದಾ, ಕಾಯ್ಲೇದಾ?"

"ಯಾಕೆ ನಕ್ರಿ?"

"ಡ್ರೈವರ್ ಒಂದು ಮಾತು ಹೇಳ್ದ."

"ಏನಂತ?"

ಅವನು ಹೇಳಿದ. ಇಲ್ಲಿ ಬರೆಯುವಂಥದ್ದಲ್ಲ. ನಯನ ಸೆರಗು ಬಾಯಿಗಿಟ್ಟು ನಕ್ಕು ನಕ್ಕು ಒಲೆಯ ಮುಂದೆಯೇ ಕುಸಿದಳು. "ಹಂಗಾದ್ರೆ ನಾಳೆ ನಂಗೂ ಎರಡು ಮಾತ್ರೆ ತಗಂಬರ್ರೀ" ಎಂದಳು.

ಮಾಲತೇಶ ನಕ್ಕ. ಅರ್ಧಕ್ಕೆ ನಿಲ್ಲಿಸಿ ಅವಳ ಮುಖ ನೋಡಿದ. ಅವಳು ಇನ್ನೂ ನಗುತ್ತಲೇ ಇದ್ದಳು. ಉಳಿದರ್ಧವನ್ನೂ ನಕ್ಕು ಊಟಕ್ಕೆ ಕೂತ.