ಆರ್ಥರ್ ಪೆಲ್‌ನ ಸಮಾಧಿಕಲ್ಲು

ನಮ್ಮ ಹಳ್ಳಿಯ ನಿವೃತ್ತ ಅಂಚೆಯವ ಸಿರಿಲ್ ಥೋರ್ಲಿ, ಊರಿನ ಇತಿಹಾಸದ ಪುಸ್ತಕಕ್ಕಾಗಿ ಆರು ವರ್ಷ ಚರ್ಚು, ಗಿರಣಿ, ಕಲ್ಲುಸೇತುವೆಗಳ ಚಿತ್ರ ತೆಗೆದವನು. ಬರಹದ ಕೆಲಸ ನನ್ನದಾಗಿತ್ತು. ಚರ್ಚಿನ ಅಂಗಳದಲ್ಲಿ ಊರಿನ ಹಿರಿಯಾಕೆ ಮ್ಯಾವಿಸ್ ಪೆಲ್ ಅವರ ತಮ್ಮ, ಹಸುಗೂಸಾಗಿದ್ದಾಗಲೇ ತೀರಿಕೊಂಡ ಆರ್ಥರನ ಸಮಾಧಿಕಲ್ಲಿಗೆ ಪಾಚಿ ಕಟ್ಟಿತ್ತು. ಅಕ್ಷರಗಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಲೆಂದು ಸಿರಿಲ್ ಅದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಫೋಟೋ ತೆಗೆದ. ಉಜ್ಜಿ ಮೇಲ್ಮೈ ಸವೆದ ಮರಳುಗಲ್ಲಿನೊಳಗೆ ಆ ಚಳಿಗಾಲ ನೀರಿಳಿದು ಹೆಪ್ಪುಗಟ್ಟಿತು. ಮಾರ್ಚ್ ಹೊತ್ತಿಗೆ ಹೆಸರಿದ್ದ ಪದರವೇ ಕಳಚಿಬಿತ್ತು.

ಎಲ್ಲರೂ ಹಿಮವನ್ನು ದೂರಿದರು. ಸಿರಿಲ್ ಸುಮ್ಮನಿದ್ದ. ಎಂಬತ್ತೆರಡರ ಮ್ಯಾವಿಸ್ ಕೇಕ್ ಮಾಡಿಕೊಂಡು ಅವನ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ.

"ನೀನು ಫೋಟೋ ತೆಗೆದಿದ್ದಕ್ಕೆ ನಮ್ಮ ಆರ್ಥರ್ ಹೆಸರು ಉಳೀತಪ್ಪಾ. ತಗೋ, ತಿನ್ನು, ಒಣಗಿ ಕಡ್ಡಿ ಆಗಿದೀಯ."

ಸಿರಿಲ್ ತಟ್ಟೆ ಮುಟ್ಟಲಿಲ್ಲ. "ಮ್ಯಾವಿಸಮ್ಮ, ತಪ್ಪು ಹಿಮದ್ದಲ್ಲ. ನಾನೇ ತಂತಿ ಬ್ರಷ್ಷಲ್ಲಿ ಉಜ್ಜಿ ಕೆಡಿಸಿದ್ದು."

ಅವರು ಕುರ್ಚಿಯಿಂದ ಎದ್ದರು.

"ಅಯ್ಯೋ ಪೆದ್ದೇ, ಅಲ್ಲೇನು ಬರ್ದಿದೆ ಅಂತ ಕೇಳಿದ್ರೆ ನಾನೇ ಬಾಯಲ್ಲಿ ಹೇಳ್ತಿರಲಿಲ್ವೇನೋ?"

ಕೋಟು ಹಾಕಿಕೊಂಡು ಹೊರಟುಹೋದರು.

ಚಿತ್ರದ ಕೆಳಗೆ ಸೇರಿಸಲು ಸಿರಿಲ್ ಆ ಸಂಜೆಯೇ ಒಂದು ಸಾಲು ಬರೆದುಕೊಟ್ಟ: 'ಈ ಕಲ್ಲು ಹಾಳಾದದ್ದು ಛಾಯಾಗ್ರಾಹಕನ ಕೈಯಿಂದ.' ನಾನು ಒಂದಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳಿಸಿದೆ.